ಹಳೆಯ ಪದ್ಮಿನಿಯ ಸ್ಟೀರಿಂಗ್: ಜಪ್ಪಯ್ಯ ಎಂದರೂ ಬಿಡದ ಭಾಗಗಳನ್ನು ಮನೆಯಲ್ಲೇ ಬಿಚ್ಚುವ ಬಗೆ

ಮಂಗಳೂರಿನ ಕಡಲ ಬದಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ತುಕ್ಕಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯೂ ಉಳಿದ ತಿಂಗಳುಗಳಲ್ಲಿ ಬೀಸುವ ಉಪ್ಪುಗಾಳಿಯೂ ಸೇರಿ, ಕಾರಿನ ಮೈಯ ಬಣ್ಣ ಮಾಸುವ ಮೊದಲೇ ಅದರ ಅಡಿಯಲ್ಲಿರುವ ಕಬ್ಬಿಣವನ್ನು ತಿನ್ನಲಾರಂಭಿಸುತ್ತವೆ. ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ಟೈ ರಾಡ್‌ಗಳನ್ನು (ಸ್ಟೀರಿಂಗ್ ಚಲನೆಯನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಸರಳುಗಳನ್ನು) ಮೊದಲ ಬಾರಿಗೆ ಬಿಚ್ಚಲು ಕುಳಿತಾಗ ಒಂದು ಬೆಳಗಿನ ಕೆಲಸವೆಂದು ನಾನು ಲೆಕ್ಕ ಹಾಕಿದ್ದೆ. ಆದರೆ ಅದಕ್ಕೆ ಮೂರು ಭಾನುವಾರಗಳು ಹಿಡಿದವು. ಅವುಗಳಲ್ಲಿ ಎರಡು ಭಾನುವಾರ ಹಾಳಾದದ್ದು ತುಕ್ಕಿನಿಂದಲ್ಲ, ನನ್ನ ಅವಸರದಿಂದ. ಈ ಬರಹದಲ್ಲಿರುವುದು ಆ ಕೆಲಸದಲ್ಲಿಯೂ ಆಮೇಲೆ ಮತ್ತೆ ಮಾಡಿದಾಗಲೂ ಕಲಿತುಕೊಂಡ ಕ್ರಮ.

1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ನಮ್ಮ ದೇಶದ ರಸ್ತೆಗಿಳಿದು, 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಈ ಕಾರಿನಲ್ಲಿ ಸ್ಟೀರಿಂಗ್ ಚಕ್ರದ ತಿರುಗುವಿಕೆ ಮೊದಲು ಸ್ಟೀರಿಂಗ್ ಬಾಕ್ಸ್‌ಗೆ ಹೋಗುತ್ತದೆ. ಬಾಕ್ಸ್‌ನಿಂದ ಹೊರಬರುವ ಶಾಫ್ಟ್‌ಗೆ ಡ್ರಾಪ್ ಆರ್ಮ್ ಎಂಬ ಗಟ್ಟಿ ಉಕ್ಕಿನ ತೋಳನ್ನು ಕಚ್ಚಿಸಿರುತ್ತಾರೆ. ಎದುರು ಬದಿಯಲ್ಲಿ ಅದಕ್ಕೆ ಜೋಡಿಯಾಗಿ ಐಡ್ಲರ್ ಆರ್ಮ್ ಇರುತ್ತದೆ. ಇವೆರಡನ್ನೂ ನಡುವಿನ ರಾಡ್ ಸೇರಿಸಿದರೆ, ಎರಡು ಬದಿಯ ಟೈ ರಾಡ್‌ಗಳು ಚಲನೆಯನ್ನು ಚಕ್ರಗಳಿಗೆ ಮುಟ್ಟಿಸುತ್ತವೆ. ಅಂಬಾಸಡರ್ ಇಟ್ಟುಕೊಂಡವರಿಗೆ ಈ ಸಂಸಾರ ಇಷ್ಟು ದೊಡ್ಡದಲ್ಲ; ಅದರದ್ದು ರ್‍ಯಾಕ್ ಅಂಡ್ ಪಿನಿಯನ್ (ಪುಟ್ಟ ಗೇರೊಂದು ಹಲ್ಲಿನ ಸರಳನ್ನು ನೇರವಾಗಿ ಸರಿಸುವ) ಸ್ಟೀರಿಂಗ್ ಆದ್ದರಿಂದ ಡ್ರಾಪ್ ಆರ್ಮ್ ಎಂಬ ತಲೆನೋವೇ ಅವರಿಗಿಲ್ಲ. ಆದರೆ ಟೈ ರಾಡ್ ಎಂಡ್‌ಗಳ ಮತ್ತು ಸ್ಟೀರಿಂಗ್ ಚಕ್ರದ ವಿಷಯದಲ್ಲಿ ಇಲ್ಲಿ ಹೇಳುವುದೆಲ್ಲ ಅವರಿಗೂ ಅನ್ವಯಿಸುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು: ಪದ್ಮಿನಿಯ ನಟ್ಟುಗಳು ಮಿಲಿಮೀಟರ್ ಅಳತೆಯವು, ಅಂಬಾಸಡರ್‌ನವು ಅಂಗುಲದ ಅಳತೆಯವು. ಒಂದರ ಸ್ಪಾನರನ್ನು ಇನ್ನೊಂದಕ್ಕೆ ಹೊಂದಿಸಲು ಹೋದರೆ ಮೊದಲ ತಿರುವಿನಲ್ಲೇ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ.

ಏಕೆ ಬಿಡುವುದಿಲ್ಲ

ಈ ಭಾಗಗಳು ಹಿಡಿದುಕೊಳ್ಳುವುದಕ್ಕೆ ತುಕ್ಕೊಂದೇ ಕಾರಣವಲ್ಲ. ಹೊಚ್ಚ ಹೊಸ ಟೈ ರಾಡ್ ಎಂಡನ್ನು, ಅಂದರೆ ರಾಡ್‌ನ ತುದಿಯಲ್ಲಿರುವ ಬಾಲ್ ಜಾಯಿಂಟ್ ಎಂಬ ಗುಂಡು ಕೀಲನ್ನು, ಇವತ್ತು ಕೂರಿಸಿ ನಾಳೆ ಬಿಚ್ಚಲು ಹೋದರೂ ಅದು ಕೈಗೆ ಬರುವುದಿಲ್ಲ, ಏಕೆಂದರೆ ಅದನ್ನು ರೂಪಿಸಿರುವುದೇ ಹಾಗೆ. ಬಾಲ್ ಜಾಯಿಂಟ್‌ನ ಕಡ್ಡಿ ಮೇಲಿನಿಂದ ಕೆಳಕ್ಕೆ ಒಂದೇ ದಪ್ಪ ಇರುವುದಿಲ್ಲ, 10 ಮಿ.ಮೀ. ಉದ್ದಕ್ಕೆ ಸುಮಾರು 1 ಮಿ.ಮೀ.ನಷ್ಟು ಸಪೂರವಾಗುತ್ತ ಹೋಗುವ ಟೇಪರ್ ಅದಕ್ಕಿರುತ್ತದೆ. ಅದೇ ಓರೆಯ ತೂತಿನೊಳಗೆ ಅದನ್ನು ನಟ್ಟಿನಿಂದ ಎಳೆದು ಕೂರಿಸಿದಾಗ ಕಡ್ಡಿಯೂ ತೂತೂ ಬೆಣೆ ಹೊಡೆದಂತೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ನಟ್ಟು ಬಿಚ್ಚಿದ ಮೇಲೂ ಆ ಕಚ್ಚುವಿಕೆ ಹಾಗೆಯೇ ಉಳಿಯುತ್ತದೆ. ಡ್ರಾಪ್ ಆರ್ಮ್‌ನಲ್ಲಿ ಈ ಓರೆಯ ಜೊತೆಗೆ ಸ್ಪ್ಲೈನ್ ಎಂಬ ಉದ್ದುದ್ದ ಹಲ್ಲುಗಳೂ ಇರುವುದರಿಂದ ಅದರ ಹಠ ಇನ್ನೂ ಹೆಚ್ಚು.

ಹೀಗಾಗಿ ಹಿಡಿದುಕೊಂಡ ಟೇಪರ್‌ಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಎಷ್ಟು ಸುರಿದರೂ ಪ್ರಯೋಜನ ಕಡಿಮೆ. ಎರಡು ಲೋಹಗಳ ನಡುವೆ ಎಣ್ಣೆ ಇಳಿಯಲು ಅಲ್ಲಿ ಸಂದೇ ಇರುವುದಿಲ್ಲ. ಎಣ್ಣೆ ಕೆಲಸ ಮಾಡುವುದು ನಟ್ಟಿನ ಥ್ರೆಡ್‌ಗಳಲ್ಲಿ. ಟೇಪರ್ ಬಿಡಬೇಕಾದರೆ ಒಂದು ಕಡೆಯಿಂದ ಅದನ್ನು ಎಡೆಬಿಡದೆ ಎಳೆಯುತ್ತಿರಬೇಕು, ಆ ಎಳೆತ ಇರುವಾಗಲೇ ತೂತಿನ ಸುತ್ತಲಿನ ಉಕ್ಕಿಗೆ ಅಡ್ಡದಿಂದ ಒಂದು ಪೆಟ್ಟು ಬೀಳಬೇಕು. ಪೆಟ್ಟು ಬಿದ್ದ ಕ್ಷಣದಲ್ಲಿ ದುಂಡಗಿನ ತೂತು ಕೂದಲೆಳೆಯಷ್ಟು ಮೊಟ್ಟೆಯಾಕಾರಕ್ಕೆ ತಿರುಗಿ ಮತ್ತೆ ದುಂಡಗಾಗುತ್ತದೆ. ಆ ಎಡೆಯಲ್ಲಿ ಕಡ್ಡಿ ಜಾರಿಕೊಳ್ಳುತ್ತದೆ. ಎಳೆತವಿಲ್ಲದ ಪೆಟ್ಟಿಗೂ ಪೆಟ್ಟಿಲ್ಲದ ಎಳೆತಕ್ಕೂ ಅರ್ಧ ಬಲವೇ ಇರುವುದೆಂದು ನನ್ನ ಅನುಭವ.

ಕಾರಿನ ಅಡಿಗೆ ಹೋಗುವ ಮುನ್ನ

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ಅಡೆ ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿದ ಮೇಲೆ ಆಕ್ಸಲ್ ಸ್ಟ್ಯಾಂಡ್‌ಗಳ ಮೇಲೆ ಇಳಿಸಬೇಕು. ನಮ್ಮಲ್ಲಿ ಅನೇಕರು ಕಗ್ಗಲ್ಲನ್ನೋ ಸಿಮೆಂಟ್ ಬ್ಲಾಕನ್ನೋ ಕೊಟ್ಟು ಕೆಲಸಕ್ಕೆ ಇಳಿಯುತ್ತಾರೆ. ಟೊಳ್ಳು ಬ್ಲಾಕ್ ಮುನ್ಸೂಚನೆಯಿಲ್ಲದೆ ಸೀಳುತ್ತದೆ, ಕಲ್ಲು ಸುತ್ತಿಗೆಯ ಅದುರಿಗೆ ಜಾರುತ್ತದೆ, ಹೈಡ್ರಾಲಿಕ್ ಜಾಕಿ ಸೀಲು ಸೋರಿದರೆ ತಾನಾಗಿ ಕುಸಿಯುತ್ತದೆ. ಈ ಕೆಲಸದಲ್ಲಿ ಕಾರಿನ ಅಡಿಯಲ್ಲಿ ಮಲಗಿ ಸುತ್ತಿಗೆ ಬೀಸುವುದೂ ಇರುವುದರಿಂದ ಸ್ಟ್ಯಾಂಡ್ ಕೊಳ್ಳುವ ಹಣದಲ್ಲಿ ಮಾತ್ರ ಉಳಿತಾಯ ನೋಡಬಾರದು. ಮಲಗಿದಾಗ ತುಕ್ಕಿನ ಹಪ್ಪಳಗಳು ನೇರವಾಗಿ ಮುಖದ ಮೇಲೆಯೇ ಉದುರುತ್ತವೆ. ಆದ್ದರಿಂದ ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಹತ್ಯಾರುಗಳ ಪೈಕಿ ಸರಿಯಾಗಿ ಕೂರುವ ರಿಂಗ್ ಸ್ಪಾನರ್ ಮತ್ತು ಸಾಕೆಟ್‌ಗಳು, ಒಂದೊಂದು ಕಿಲೋ ತೂಕದ ಎರಡು ಸುತ್ತಿಗೆಗಳು, ತಂತಿ ಬ್ರಶ್ಶು, ಟೈ ರಾಡ್‌ಗೆ ಕತ್ತರಿಯಂತೆ ಕಚ್ಚುವ ಬಾಲ್ ಜಾಯಿಂಟ್ ಪುಲ್ಲರ್ (ಬೋಲ್ಟ್ ಬಿಗಿದು ಎಳೆದು ಬಿಡಿಸುವ ಸಾಧನ), ಡ್ರಾಪ್ ಆರ್ಮ್‌ಗೆಂದೇ ಮಾಡಿದ ಗಟ್ಟಿ ಪುಲ್ಲರ್, ಸ್ಟೀಲ್ ಸ್ಕೇಲು ಮತ್ತು ಬಿಳಿ ಪೇಂಟು ಬೇಕಾಗುತ್ತವೆ. ಬೆಂಗಳೂರಿನವರಾದರೆ ಇವಕ್ಕೆ ಎಸ್.ಪಿ. ರಸ್ತೆಗೂ, ಬದಲಿ ಬಿಡಿಭಾಗಗಳಿಗೆ ಜೆ.ಸಿ. ರಸ್ತೆಗೂ ಒಂದು ಸುತ್ತು ಹೋಗಿ ಬರುವುದು ರೂಢಿ. ಬಿಚ್ಚಿದ ನಟ್ಟು, ವಾಷರ್‌ಗಳನ್ನು ನಾನು ತೆಂಗಿನ ಗೆರಟೆಗಳಲ್ಲಿ ಹಾಕಿಡುತ್ತೇನೆ. ಎಡಬದಿಯದ್ದಕ್ಕೆ ಒಂದು, ಬಲಬದಿಯದ್ದಕ್ಕೆ ಒಂದು.

ಇಷ್ಟಾದ ಮೇಲೆ ಒಂದು ತೀರ್ಮಾನವನ್ನು ಮೊದಲೇ ಮಾಡಿಕೊಳ್ಳಬೇಕು. ಪ್ರತಿ ಜೋಡಣೆಯಲ್ಲಿಯೂ ಎರಡು ಭಾಗಗಳಿರುತ್ತವೆ. ಅವುಗಳಲ್ಲಿ ಉಳಿಯಬೇಕಾದದ್ದು ಯಾವುದು, ಹಾಳಾದರೂ ಚಿಂತೆಯಿಲ್ಲದ್ದು ಯಾವುದು ಎಂಬುದು ಸ್ಪಾನರ್ ಹಿಡಿಯುವ ಮುಂಚೆಯೇ ಗೊತ್ತಿರಬೇಕು. ಟೈ ರಾಡ್ ಎಂಡ್ ಸವೆದು ಹೋಗಿದ್ದರೆ ಅದನ್ನು ಬಲಿಕೊಡಬಹುದು, ಆದರೆ ಅದು ಕಚ್ಚಿಕೊಂಡಿರುವ, ಚಕ್ರದ ಕಡೆಯ ತೋಳಾದ ಸ್ಟೀರಿಂಗ್ ಆರ್ಮ್‌ಗೆ ಗಾಯವಾಗಬಾರದು. ಡ್ರಾಪ್ ಆರ್ಮ್ ಬಿಚ್ಚುವಾಗ ಆರ್ಮ್‌ಗಿಂತ ಬಾಕ್ಸ್‌ನ ಶಾಫ್ಟ್ ಹೆಚ್ಚು ಬೆಲೆಯುಳ್ಳದ್ದು. ನಾನು ಮೊದಲ ಬಾರಿ ಇದನ್ನು ಯೋಚಿಸದೆ, ಚೆನ್ನಾಗಿಯೇ ಇದ್ದ ಒಂದು ಜಾಯಿಂಟ್‌ನ ಸಂದಿಗೆ ಕವಲು ಉಳಿಯನ್ನು ಹೊಡೆದು ಅದರ ರಬ್ಬರ್ ಟೋಪಿಯನ್ನು ಹರಿದುಬಿಟ್ಟೆ. ಜಾಯಿಂಟ್ ಬಂದಿತು, ಆದರೆ ಬದಲಿ ಟೋಪಿ ಯಾವ ಅಂಗಡಿಯಲ್ಲೂ ಸಿಗದೆ, ಕಡೆಗೆ ಇಡೀ ಎಂಡನ್ನೇ ಕೊಳ್ಳಬೇಕಾಯಿತು, ಅಲ್ಲಿಯವರೆಗೆ ಕಾರು ಸ್ಟ್ಯಾಂಡ್ ಮೇಲೆಯೇ ನಿಂತಿತ್ತು. ಕವಲು ಉಳಿ ಎಸೆಯುವ ಜಾಯಿಂಟ್‌ಗೆ ಮಾತ್ರ.

ಟೈ ರಾಡ್ ಎಂಡ್

ಮೊದಲು ಅಳತೆ. ಟೈ ರಾಡ್‌ನ ಎರಡು ತುದಿಯ ಜಾಯಿಂಟ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಎಷ್ಟು ಉದ್ದವಿದೆ ಎಂಬುದನ್ನು ಸ್ಕೇಲಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಚಕ್ರಗಳ ಅಲೈನ್‌ಮೆಂಟ್ ನಿಂತಿರುವುದೇ ಈ ಉದ್ದದ ಮೇಲೆ. ಎಂಡನ್ನು ರಾಡ್‌ನಿಂದ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತುಗಳಲ್ಲಿ ಹೊರಬಂದಿತೆಂದು ಎಣಿಸಿಟ್ಟರೆ ಅಳತೆಗೆ ಇನ್ನೊಂದು ಸಾಕ್ಷಿಯಾಗುತ್ತದೆ. ರಾಡ್‌ನ ಒಂದು ತುದಿಯ ಥ್ರೆಡ್ ಬಲಸುತ್ತಿನದು, ಇನ್ನೊಂದು ಎಡಸುತ್ತಿನದು. ಉದ್ದವನ್ನು ಹೊಂದಿಸಲು ಅನುಕೂಲವಾಗಲೆಂದು ಹೀಗೆ ಮಾಡಿರುತ್ತಾರೆ. ಯಾವುದು ಎಡಸುತ್ತಿನದೆಂದು ನೋಡದೆ ಪೈಪು ತೂರಿಸಿ ತಿರುಗಿಸಿದರೆ, ಬಿಚ್ಚುತ್ತಿದ್ದೇವೆಂದುಕೊಂಡು ಬಿಗಿ ಮಾಡುತ್ತಿರುತ್ತೇವೆ.

ಆಮೇಲೆ ನಟ್ಟಿನ ಸುತ್ತಲಿನ ಮಣ್ಣು, ಹಳೆಯ ಗ್ರೀಸನ್ನು ತಂತಿ ಬ್ರಶ್ಶಿನಿಂದ ತಿಕ್ಕಿ, ನಟ್ಟು ತಾನಾಗಿ ಸಡಿಲವಾಗದಂತೆ ಅದರ ಅಡ್ಡಕ್ಕೆ ತೂರಿಸಿರುವ ಸ್ಪ್ಲಿಟ್ ಪಿನ್ನಿನ ತುದಿಗಳನ್ನು ನೇರ ಮಾಡಿ ಹಿಂದಿನಿಂದ ಎಳೆಯಬೇಕು. ಕರಾವಳಿಯ ಕಾರುಗಳಲ್ಲಿ ಈ ಪಿನ್ ಸಾಮಾನ್ಯವಾಗಿ ಮುಟ್ಟಿದೊಡನೆ ಮುರಿಯುತ್ತದೆ. ಮುರಿದರೆ ತೂತಿನಲ್ಲಿ ಉಳಿದ ತುಂಡನ್ನು ಸಪೂರ ಪಂಚಿನಿಂದ ತಟ್ಟಿ ನೋಡಬೇಕು, ಬಾರದಿದ್ದರೆ ಸಣ್ಣ ಡ್ರಿಲ್ ಬಿಟ್ ಹಾಕಬೇಕು. ಪಿನ್ ಒಳಗಿರುವಾಗಲೇ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಕಿತ್ತುಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಥ್ರೆಡ್‌ಗೆ ಹಿಂದಿನ ರಾತ್ರಿಯೇ ಹಾಕಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಹಾಕುವುದು ಒಳ್ಳೆಯದು.

ನಟ್ಟನ್ನು ಪೂರ್ತಿ ತೆಗೆಯಬಾರದು. ಅದರ ಮುಖ ಕಡ್ಡಿಯ ತುದಿಗೆ ಸಮನಾಗುವಷ್ಟು ಹಿಂದಕ್ಕೆ ಬಿಚ್ಚಿ ಅಲ್ಲಿಯೇ ಬಿಡಬೇಕು. ಹೀಗೆ ಮಾಡಿದರೆ ಪುಲ್ಲರ್‌ನ ಒತ್ತಡ ಥ್ರೆಡ್ ಮೇಲೆ ಒಂದೇ ಕಡೆ ಬೀಳುವುದಿಲ್ಲ, ಮತ್ತು ಟೇಪರ್ ಸಿಡಿದಾಗ ಜಾಯಿಂಟ್ ಹಾರಿ ನಮ್ಮ ಹಲ್ಲಿಗೆ ಬಡಿಯುವುದಿಲ್ಲ. ಪುಲ್ಲರನ್ನು ಓರೆಯಾಗದಂತೆ ಕೂರಿಸಿ, ಅದರ ಬೋಲ್ಟನ್ನು ಗಟ್ಟಿಯಾಗಿ ಬಿಗಿದು, ಕೈ ನಿಲ್ಲಿಸಬೇಕು. ಇನ್ನಷ್ಟು ಬಿಗಿದರೆ ಪುಲ್ಲರ್‌ನ ಕವಲೇ ಬಾಗುತ್ತದೆ. ಈಗ ಒಂದು ಸುತ್ತಿಗೆಯನ್ನು ಸ್ಟೀರಿಂಗ್ ಆರ್ಮ್‌ನ ಕಣ್ಣಿನ, ಅಂದರೆ ತೂತಿರುವ ದುಂಡು ಭಾಗದ, ಒಂದು ಬದಿಗೆ ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಹೊಡೆಯಬೇಕು. ಹಿಂದೆ ಆನಿಕೆ ಇಲ್ಲದಿದ್ದರೆ ಪೆಟ್ಟಿನ ಅರ್ಧ ಭಾಗ ಆರ್ಮ್ ಅಲುಗಾಡುವುದರಲ್ಲೇ ಕರಗಿಹೋಗುತ್ತದೆ. ಹತ್ತಾರು ಮೆಲುಪೆಟ್ಟುಗಳಿಗಿಂತ ಗುರಿಯಿಟ್ಟು ಹೊಡೆದ ಎರಡು ಮೂರು ಪೆಟ್ಟುಗಳು ಮೇಲು. ಮೊದಮೊದಲು ಪೆಟ್ಟಿನ ಸದ್ದು ಮಂದವಾಗಿ, ಗೋಡೆಗೆ ಹೊಡೆದಂತೆ ಕೇಳುತ್ತಿರುತ್ತದೆ. ಟೇಪರ್ ಬಿಟ್ಟ ಗಳಿಗೆಯಲ್ಲಿ ಠಣ್ಣೆಂದು ಗಂಟೆಯಂತೆ ಮೊಳಗಿ, ಜಾಯಿಂಟ್ ನಟ್ಟಿನ ಮೇಲೆ ಸಡಿಲವಾಗಿ ಕುಣಿಯುತ್ತದೆ. ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಕೆಲವೊಮ್ಮೆ ತೊಂದರೆ ತಿರುಗುಮುರುಗಾಗಿ ಬರುತ್ತದೆ: ನಟ್ಟು ಇನ್ನೂ ಅರ್ಧ ಥ್ರೆಡ್‌ನಲ್ಲಿರುವಾಗಲೇ ಟೇಪರ್ ಬಿಟ್ಟುಕೊಂಡು, ನಟ್ಟಿನ ಜೊತೆ ಕಡ್ಡಿಯೂ ತಿರುಗತೊಡಗುತ್ತದೆ. ಆಗ ಜಾಯಿಂಟನ್ನು ಅದರ ತೂತಿನ ಕಡೆಗೆ ಜಾಕಿಯಿಂದಲೋ ಒಂದು ಮರದ ತುಂಡನ್ನು ಮೀಟಿಯೋ ಒತ್ತಿ ಹಿಡಿದರೆ ಟೇಪರ್ ಮತ್ತೆ ಕಚ್ಚಿ, ನಟ್ಟು ತಿರುಗಿ ಹೊರಬರುತ್ತದೆ. ಇಲ್ಲಿ ಜಾಕಿಗೆ ಕಾರನ್ನು ಸ್ಟ್ಯಾಂಡ್‌ನಿಂದ ಎತ್ತಿಬಿಡುವಷ್ಟು ಬಲ ಕೊಡಬಾರದು.

ಎಂಡ್ ರಾಡ್‌ನಲ್ಲೇ ತುಕ್ಕು ಹಿಡಿದು ಕುಳಿತಿದ್ದರೆ, ಮತ್ತು ಅದು ಎಸೆಯುವ ಎಂಡ್ ಆಗಿದ್ದರೆ, ಕ್ಲ್ಯಾಂಪನ್ನು ಸಡಿಲಿಸಿ ರಾಡ್‌ನ ತುದಿಯನ್ನು ಸ್ವಲ್ಪ ಬಿಸಿ ಮಾಡಿ, ಥ್ರೆಡ್ ಆರಂಭವಾಗುವಲ್ಲಿ ಮೇಣದ ಬತ್ತಿಯನ್ನು ತಾಗಿಸಬಹುದು. ಕರಗಿದ ಮೇಣ ಸಂದಿಗೆ ಎಳೆದುಕೊಂಡು ಹೋಗುತ್ತದೆ. ನನಗೆ ಎಣ್ಣೆಗಿಂತ ಇದೇ ಹೆಚ್ಚು ಕೈಹಿಡಿದಿದೆ. ಪೈಪ್ ರೆಂಚನ್ನು ಎಸೆಯುವ ಭಾಗಕ್ಕೆ ಮಾತ್ರ ಹಾಕಬೇಕು, ರಾಡ್‌ಗೆ ಅದರ ಹಲ್ಲು ತಾಗಬಾರದು.

ಬಿಸಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಉಕ್ಕಿನಲ್ಲಿರುವ 30 ಮಿ.ಮೀ. ಅಗಲದ ತೂತು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಹಿಗ್ಗುವುದು ಸುಮಾರು 0.036 ಮಿ.ಮೀ. ಮಾತ್ರ. ಆದರೆ ಒಳಗಿನ ಶಾಫ್ಟ್ ತಣ್ಣಗಿದ್ದರೆ ಅಷ್ಟೇ ಸಾಕಾಗುತ್ತದೆ. ಮೇಲೆ ನೀರು ಚಿಮುಕಿಸಿದರೆ ಚುಂಯ್ ಎನ್ನುವಷ್ಟು ಬಿಸಿ ಸಾಕು. ಕೆಂಪಗೆ ಕಾಯಿಸಿದರೆ ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ ಕೆಡುತ್ತದೆ, ಹದ ಕೆಟ್ಟ ಸ್ಟೀರಿಂಗ್ ಆರ್ಮ್ ರಸ್ತೆಯಲ್ಲಿ ಮುರಿದರೆ ಚಕ್ರ ನಮ್ಮ ಮಾತು ಕೇಳುವುದಿಲ್ಲ. ಮತ್ತೆ ಬಳಸುವ ಬಾಲ್ ಜಾಯಿಂಟ್‌ನ ಹತ್ತಿರ ಬೆಂಕಿಯನ್ನೇ ತರಬಾರದು, ಅದರೊಳಗಿನ ಗ್ರೀಸೂ ರಬ್ಬರೂ ಸುಡುತ್ತವೆ. ಬ್ರೇಕ್ ಹೋಸ್ ಮತ್ತು ಪೆಟ್ರೋಲ್ ಪೈಪು ಎಲ್ಲಿವೆ ಎಂದು ನೋಡಿಕೊಂಡು, ಒದ್ದೆ ಗೋಣಿ ಹೊದಿಸಿ, ಮೊದಲು ಸಿಂಪಡಿಸಿದ ಎಣ್ಣೆಯನ್ನು ಒರೆಸಿ ತೆಗೆದು, ಪಕ್ಕದಲ್ಲಿ ಬೆಂಕಿ ನಂದಿಸಲು ಮರಳಿನ ಬಕೆಟ್ ಇಟ್ಟುಕೊಂಡ ಮೇಲೆಯೇ ಬರ್ನರ್ ಹಚ್ಚಬೇಕು.

ಡ್ರಾಪ್ ಆರ್ಮ್

ಇಡೀ ಕೆಲಸದಲ್ಲಿ ನಿಜವಾದ ಪರೀಕ್ಷೆ ಇದು. ಬಾಕ್ಸ್‌ನ ಆಯಿಲ್ ಸೀಲ್ ಸೋರಿದಾಗ, ಅಥವಾ ಬಾಕ್ಸನ್ನೇ ರಿಪೇರಿಗೆ ಕೊಡಬೇಕಾದಾಗ ಮಾತ್ರ ಇದನ್ನು ಮುಟ್ಟಬೇಕು. ಸ್ಟೀರಿಂಗ್ ಆಟ (ಚಕ್ರಗಳು ಹೊರಳದೆಯೇ ಸ್ಟೀರಿಂಗ್ ಸಡಿಲವಾಗಿ ಅತ್ತಿತ್ತ ಆಡುವುದು) ಜಾಸ್ತಿಯಾಗಿದೆ ಎಂಬ ಒಂದೇ ಕಾರಣಕ್ಕೆ ಬಿಚ್ಚಲು ಹೊರಟಿದ್ದರೆ, ಒಬ್ಬರು ಸ್ಟೀರಿಂಗ್ ಚಕ್ರವನ್ನು ಅತ್ತಿತ್ತ ಆಡಿಸುತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ಪ್ರತಿ ಜಾಯಿಂಟ್ ಮೇಲೂ ಕೈಯಿಟ್ಟು ನೋಡುವುದು ಮೊದಲಿನ ಕೆಲಸ. ಬಹಳ ಸಲ ತಪ್ಪು ಐಡ್ಲರ್ ಆರ್ಮ್‌ನ ಬುಶ್‌ನಲ್ಲಿರುತ್ತದೆ, ಬೈಗುಳ ಬಾಕ್ಸ್‌ಗೆ ಬೀಳುತ್ತದೆ.

ಚಕ್ರಗಳನ್ನು ನೇರ ನಿಲ್ಲಿಸಿ, ಆರ್ಮ್‌ಗೂ ಶಾಫ್ಟ್‌ನ ತುದಿಗೂ ಸೇರುವಂತೆ ಉಳಿಯ ಮೊನೆಯಿಂದ ಒಂದು ಗೀರು ಎಳೆದು ಅದರ ಮೇಲೆ ಬಿಳಿ ಪೇಂಟಿನ ಬೊಟ್ಟು ಇಡಬೇಕು. ಪೇಂಟ್ ಮಾತ್ರ ಇಟ್ಟರೆ ಎಣ್ಣೆಯಲ್ಲಿ ಅಳಿಸಿಹೋಗುತ್ತದೆ. ಒಂದೇ ಒಂದು ಹಲ್ಲು ಅತ್ತಿತ್ತ ಕೂತರೂ ಬಾಕ್ಸ್ ತನ್ನ ನಡುಮಧ್ಯ ತಪ್ಪಿ, ಕಾರು ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ.

ಇಲ್ಲಿನ ನಟ್ಟು ದೊಡ್ಡದು, ಬಿಗಿಯೂ ಹೆಚ್ಚು. ಉದ್ದನೆಯ ಹಿಡಿಯ ಸಾಕೆಟ್ ಬಳಸಬೇಕು. ತಿರುಗಿಸುವಾಗ ಸ್ಟೀರಿಂಗ್ ಚಕ್ರವನ್ನು ಹಿಡಿದು ತಡೆಯಲು ಯಾರನ್ನೂ ಕೂರಿಸಬಾರದು, ಆ ಬಲವೆಲ್ಲ ಬಾಕ್ಸ್‌ನೊಳಗಿನ ಹಲ್ಲುಗಳ ಮೂಲಕ ಹಾದುಹೋಗುತ್ತದೆ. ಆರ್ಮ್‌ಗೇ ಒಂದು ಸರಳು ಆನಿಸಿ ತಡೆಯಬೇಕು. ನಟ್ಟನ್ನು ಇಲ್ಲಿಯೂ ಎರಡು ಮೂರು ಥ್ರೆಡ್‌ಗಳಲ್ಲಿ ಉಳಿಸಬೇಕು.

ಮೂರು ಕಾಲಿನ ಸಾಧಾರಣ ಗೇರ್ ಪುಲ್ಲರ್ ಇಲ್ಲಿ ಜಾರುತ್ತದೆ, ಇಲ್ಲವೇ ಬಾಕ್ಸ್‌ಗೂ ಆರ್ಮ್‌ಗೂ ನಡುವಿನ ಕಿರಿದಾದ ಸಂದಿಗೆ ಅದರ ಕಾಲು ಹೋಗುವುದೇ ಇಲ್ಲ. ಡ್ರಾಪ್ ಆರ್ಮ್ ಪುಲ್ಲರನ್ನು ಕೂರಿಸಿ, ಅದರ ಬೋಲ್ಟ್ ಶಾಫ್ಟ್‌ನ ಸರಿಯಾದ ಮಧ್ಯಕ್ಕೆ ಒತ್ತುವಂತೆ ನೋಡಿಕೊಂಡು ಬಿಗಿಯಬೇಕು. ಬೋಲ್ಟಿನ ಥ್ರೆಡ್‌ಗೆ ಗ್ರೀಸ್ ಹಚ್ಚಿದರೆ ಅದೇ ಕೈಬಲಕ್ಕೆ ಹೆಚ್ಚು ಎಳೆತ ಸಿಗುತ್ತದೆ. ಬಿಗಿದ ಮೇಲೆ ಆರ್ಮ್‌ನ ಕಣ್ಣಿಗೆ ಅಡ್ಡದಿಂದ, ಹಿಂದೆ ಇನ್ನೊಂದು ಸುತ್ತಿಗೆಯ ಆನಿಕೆ ಕೊಟ್ಟು, ಮೊದಲಿನಂತೆಯೇ ಪೆಟ್ಟು. ಬಿಡದಿದ್ದರೆ ಬೋಲ್ಟನ್ನು ಕಾಲು ಸುತ್ತು ಬಿಗಿದು ಮತ್ತೆ ಪೆಟ್ಟು. ಆಗಲೂ ಬಿಡದಿದ್ದರೆ ಎಳೆತವನ್ನು ಹಾಗೆಯೇ ಬಿಟ್ಟು ಒಳಗೆ ಹೋಗಿ ಮಲಗುವುದು ಉತ್ತಮ. ನಮ್ಮ ಕಾರಿನದ್ದು ರಾತ್ರಿ ಹನ್ನೊಂದಕ್ಕೆ, ಯಾರೂ ಹತ್ತಿರವಿಲ್ಲದಾಗ, ಚಾವಡಿಯವರೆಗೆ ಕೇಳುವಂತೆ ಸಿಡಿದು ಬಿಟ್ಟುಕೊಂಡಿತು. ಹಾಗಾಗಿಯೇ ಬಿಗಿದ ಪುಲ್ಲರ್‌ನ ಕೆಳಗೆ ತಲೆ ಇಡಬಾರದು, ಮಕ್ಕಳನ್ನು ಅತ್ತ ಬಿಡಬಾರದು.

ಶಾಫ್ಟ್‌ನ ತುದಿಗೆ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ಅದುಮಿಕೊಳ್ಳಬೇಕು. ತುದಿ ಅಣಬೆಯಂತೆ ಅರಳಿದರೆ ನಟ್ಟು ಮತ್ತೆ ಹತ್ತುವುದಿಲ್ಲ, ಪೆಟ್ಟು ಬಾಕ್ಸ್‌ನೊಳಗಿನ ಹಲ್ಲುಗಳಿಗೂ ತಾಗುತ್ತದೆ. ಎರಡು ದಿನ ಪ್ರಯತ್ನಿಸಿಯೂ ಬಾರದಿದ್ದರೆ ನಡುವಿನ ರಾಡನ್ನೂ ಟೈ ರಾಡನ್ನೂ ಬಿಡಿಸಿ, ಬಾಕ್ಸನ್ನು ಆರ್ಮ್ ಸಮೇತ ಹೊರತೆಗೆದು, ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಬಿಡಿಸಬೇಕಾಗುತ್ತದೆ. ಕಾಲಮ್ ಗೇರ್ (ಸ್ಟೀರಿಂಗ್ ಕಂಬದಲ್ಲೇ ಗೇರ್ ಹಿಡಿ) ಇರುವ ಕಾರಿನಲ್ಲಿ ಇದು ಉದ್ದದ ಕೆಲಸವಾದರೂ ಶಾಫ್ಟ್ ಉಳಿಯುತ್ತದೆ.

ಸ್ಟೀರಿಂಗ್ ಚಕ್ರ

ಇದು ಹೋಲಿಕೆಯಲ್ಲಿ ಸುಲಭ. ಬ್ಯಾಟರಿಯ ತಂತಿ ಬಿಚ್ಚಿ, ಹಾರ್ನ್ ಬಟನ್ ತೆಗೆದು, ಚಕ್ರ ಮತ್ತು ಶಾಫ್ಟ್‌ಗೆ ಗುರುತು ಹಾಕಿ, ನಟ್ಟನ್ನು ಮೂರು ಸುತ್ತು ಸಡಿಲಿಸಿ ಅಲ್ಲಿಯೇ ಬಿಡಬೇಕು. ಸೀಟಿನಲ್ಲಿ ಕುಳಿತು ಚಕ್ರವನ್ನು ಎರಡೂ ಕೈಗಳಿಂದ ಎದೆಯ ಕಡೆಗೆ ಎಳೆಯುತ್ತ, ಮೇಲೊಮ್ಮೆ ಕೆಳಗೊಮ್ಮೆ ಅಲುಗಿಸಿದರೆ ಹೆಚ್ಚಿನವು ಬಂದುಬಿಡುತ್ತವೆ. ನಟ್ಟು ಉಳಿಸದಿದ್ದರೆ ಚಕ್ರ ಬಂದ ರಭಸಕ್ಕೆ ಮೂಗು ಹೊಡೆಸಿಕೊಳ್ಳುವುದು ಖಚಿತ. ಬಾರದಿದ್ದರೆ ಎರಡು ಕಾಲಿನ ಪುಲ್ಲರನ್ನು ನಡುವಿನ ಲೋಹದ ಗುಬ್ಬಕ್ಕೆ ಹಾಕಬೇಕು. ಸ್ಟೀರಿಂಗ್ ಚಕ್ರದ ಕಡ್ಡಿಗಳಿಗೆ ಹಾಕಿದರೆ ದಶಕಗಳ ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಬಿರಿಯುತ್ತದೆ. ಶಾಫ್ಟ್‌ನ ತಲೆಗೆ ಸುತ್ತಿಗೆ ಇಲ್ಲಿಯೂ ಬೇಡ, ಪೆಟ್ಟು ನೇರವಾಗಿ ಕೆಳಗಿನ ಬೇರಿಂಗ್‌ಗಳಿಗೆ ಇಳಿಯುತ್ತದೆ.

ಮತ್ತೆ ಕೂರಿಸುವಾಗ

ಟೇಪರ್‌ನ ಎರಡೂ ಮೈಗಳನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಮುಂದಿನ ಸಲ ಸುಲಭವಾಗಿ ಬರಲೆಂದು ಅಲ್ಲಿ ಗ್ರೀಸ್ ಹಚ್ಚುವವರಿದ್ದಾರೆ. ಅದು ತಪ್ಪು, ಟೇಪರ್ ಹಿಡಿಯಬೇಕಾದದ್ದು ಒಣ ಲೋಹವನ್ನೇ. ತೂತಿನ ಅಂಚಿನಲ್ಲಿ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಕಂಡರೆ ಆ ಆರ್ಮನ್ನು ವೆಲ್ಡಿಂಗ್ ಮಾಡಿಸದೆ ಗುಜರಿಗೆ ಹಾಕಬೇಕು. ನಟ್ಟು ಬಿಗಿದಾಗ ಸ್ಪ್ಲಿಟ್ ಪಿನ್ನಿನ ತೂತು ಎದುರಾಗದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಬೇಕೇ ಹೊರತು ಸಡಿಲಿಸಬಾರದು, ಮತ್ತು ಪಿನ್ ಪ್ರತಿ ಸಲವೂ ಹೊಸದಾಗಿರಬೇಕು.

ಬರೆದಿಟ್ಟ ಉದ್ದಕ್ಕೆ ಟೈ ರಾಡನ್ನು ಹೊಂದಿಸಿ, ಕ್ಲ್ಯಾಂಪ್ ಬಿಗಿದು, ಚಕ್ರಗಳು ಇನ್ನೂ ನೆಲದಿಂದ ಮೇಲಿರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ, ಎರಡೂ ಕಡೆ ಸಮನಾಗಿ ಹೋಗುತ್ತದೆಯೇ, ಬ್ರೇಕ್ ಹೋಸ್ ಎಲ್ಲಿಯಾದರೂ ತಾಗುತ್ತದೆಯೇ ಎಂದು ನೋಡಬೇಕು. ನಮ್ಮ ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಅದು ಅಲೈನ್‌ಮೆಂಟ್ ಅಂಗಡಿಯವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲು ಸಾಕಾಗುವಷ್ಟು ಮಾತ್ರ. ಅಲ್ಲಿಂದ ಬಂದು 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಕಾರಿನ ಅಡಿಗೆ ಹೋಗಿ ಡ್ರಾಪ್ ಆರ್ಮ್‌ನ ನಟ್ಟಿಗೆ ಸ್ಪಾನರ್ ಹಾಕಿ ನೋಡಬೇಕು. ಗೆರಟೆಯಲ್ಲಿ ಏನಾದರೂ ಉಳಿದಿದೆಯೇ ಎಂಬುದನ್ನಂತೂ ಕಾರು ಗೇಟು ದಾಟುವ ಮುನ್ನವೇ ನೋಡಿಕೊಳ್ಳಬೇಕು.